ಬಾರ್ನಿ ರೂಸ್

ಡೆಲ್ಮಾರ್ ರೂಸ್ (1888–1960) ಅಮೆರಿಕದ ಹೆಸರಾಂತ ಮೋಟಾರು ವಾಹನ ಎಂಜಿನಿಯರ್. ಬಾರ್ನಿ ರೂಸ್ ಎಂಬ ಹೆಸರಿನಿಂದಲೇ ಅವರು ಹೆಚ್ಚು ಪರಿಚಿತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಯ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾಗಿದ್ದ ಅವರು ಜೀಪ್ ವಾಹನದ ಎಂಜಿನ್ನನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ ಅದೇ ಜೀಪನ್ನು ರೈತರ ವಾಹನವನ್ನಾಗಿ ಮಾರ್ಪಡಿಸುವಾಗ ವೇಗವನ್ನು ಕೊಂಚ ಬಿಟ್ಟುಕೊಟ್ಟು ನಿಧಾನಗತಿಯ ಗೇರುಗಳನ್ನು ಆರಿಸಿಕೊಂಡದ್ದು ಅವರ ನೇತೃತ್ವದ ವಿಭಾಗದ ಮುಖ್ಯ ನಿರ್ಧಾರಗಳಲ್ಲಿ ಒಂದು. ಆ ಪರಂಪರೆಯ ಜೀಪುಗಳು ಮುಂದೆ ಭಾರತದಲ್ಲಿಯೂ ತಯಾರಾಗಿ, ಕೋಲಾರದಂತಹ ಕಲ್ಲುಗುಡ್ಡಗಳ ಜಿಲ್ಲೆಗಳಿಗೆ ಒಗ್ಗುವ ವಾಹನಗಳೆನಿಸಿದವು.

ಆರಂಭಿಕ ಜೀವನ ಮತ್ತು ವೃತ್ತಿ

ರೂಸ್ ಅವರು ನ್ಯೂಯಾರ್ಕ್‌ನಲ್ಲಿ ಜನಿಸಿದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿದರು. ಲೋಕೊಮೊಬೈಲ್, ಪಿಯರ್ಸ್-ಆರೋ ಮತ್ತು ಮಾರ್ಮನ್ ಕಂಪನಿಗಳಲ್ಲಿ ದುಡಿದ ಬಳಿಕ 1926ರಲ್ಲಿ ಸ್ಟೂಡೆಬೇಕರ್ ಕಂಪನಿಯ ಮುಖ್ಯ ಎಂಜಿನಿಯರ್ ಆದರು. ಎಂಟು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ ದೊಡ್ಡ ಎಂಜಿನ್‌ಗಳು ಅವರ ವಿಶೇಷ ಕ್ಷೇತ್ರವಾಗಿದ್ದವು. ಅವರ ಕಾಲದ ಸ್ಟೂಡೆಬೇಕರ್ ಪ್ರೆಸಿಡೆಂಟ್ ಕಾರುಗಳು 1928ರಲ್ಲಿ 30,000 ಮೈಲಿಗಳನ್ನು ಹತ್ತೊಂಬತ್ತು ದಿನಗಳೊಳಗೆ ಓಡಿ ದಾಖಲೆ ನಿರ್ಮಿಸಿದವು. ನಿಧಾನವಾಗಿ ತೆವಳುವ ವಾಹನಕ್ಕೆ ಹೆಸರಾದ ವ್ಯಕ್ತಿ ವೃತ್ತಿಜೀವನದ ಮೊದಲರ್ಧವನ್ನು ವೇಗದ ಕಾರುಗಳ ನಡುವೆಯೇ ಕಳೆದರೆಂಬುದು ಗಮನಾರ್ಹ. 1934ರಲ್ಲಿ ಅವರು ಅಮೆರಿಕದ ಮೋಟಾರು ವಾಹನ ಎಂಜಿನಿಯರುಗಳ ಸಂಘದ ಅಧ್ಯಕ್ಷರಾಗಿದ್ದರು. 1936ರಲ್ಲಿ ಇಂಗ್ಲೆಂಡಿಗೆ ತೆರಳಿ ರೂಟ್ಸ್ ಸಮೂಹದ ಕಂಪನಿಗಳಿಗಾಗಿ ಕೆಲಸ ಮಾಡಿದರು. 1938ರಲ್ಲಿ ಸ್ವದೇಶಕ್ಕೆ ಮರಳಿ ವಿಲ್ಲಿಸ್-ಓವರ್‌ಲ್ಯಾಂಡ್ ಸೇರಿದರು.

ಎಂಜಿನ್ ಮತ್ತು ತೂಕದ ಸಮಸ್ಯೆ

ಆಗ ವಿಲ್ಲಿಸ್ ಆರ್ಥಿಕವಾಗಿ ಬಡವಾಗಿದ್ದ ಕಂಪನಿ. ಹೊಸ ಎಂಜಿನ್ನನ್ನು ಮೊದಲಿನಿಂದ ರೂಪಿಸಲು ಹಣವಿರಲಿಲ್ಲ. ಇದ್ದ ನಾಲ್ಕು ಸಿಲಿಂಡರಿನ, 2.2 ಲೀಟರ್ ಎಂಜಿನ್ನನ್ನೇ ರೂಸ್ ತಿದ್ದತೊಡಗಿದರು. ಅದು 48 ಅಶ್ವಶಕ್ತಿ ನೀಡುತ್ತಿತ್ತು. ಆದರೆ ಪೂರ್ಣ ಶಕ್ತಿಯಲ್ಲಿ ಓಡಿಸಿದರೆ 22 ನಿಮಿಷಗಳಲ್ಲಿ ಕೆಟ್ಟು ನಿಲ್ಲುತ್ತಿತ್ತು. ಭಾಗಗಳ ಅಳತೆಯನ್ನು ಬಿಗಿಗೊಳಿಸಿ, ಗಟ್ಟಿಯಾದ ಮಿಶ್ರಲೋಹಗಳನ್ನೂ ಅಲ್ಯೂಮಿನಿಯಂ ಪಿಸ್ಟನ್‌ಗಳನ್ನೂ ಅಳವಡಿಸಿದ ಮೇಲೆ ಅದೇ ಎಂಜಿನ್ 60 ಅಶ್ವಶಕ್ತಿ ನೀಡುವಂತಾಯಿತು. 150 ಗಂಟೆಗಳ ಕಾಲ ಎಡೆಬಿಡದೆ ಓಡುವಂತಾಯಿತು. ಗೋ ಡೆವಿಲ್ ಎಂದು ಪ್ರಸಿದ್ಧವಾದ ಎಂಜಿನ್ ಇದೇ.

1940ರಲ್ಲಿ ಅಮೆರಿಕದ ಸೇನೆ ಒಂದು ಹಗುರವಾದ, ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ತಲುಪುವ ಸಣ್ಣ ವಾಹನವನ್ನು ಬೇಡಿತು. ಬ್ಯಾಂಟಮ್ ಎಂಬ ಚಿಕ್ಕ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ಅವರು ರೂಪಿಸಿದ ಮಾದರಿಯೇ ಮೊದಲು ಸೇನೆಯ ಪರೀಕ್ಷೆಗೆ ಬಂದದ್ದು. ವಿಲ್ಲಿಸ್ ಮತ್ತು ಫೋರ್ಡ್ ಮಾದರಿಗಳು ಅನಂತರ ಬಂದವು. ಜೀಪನ್ನು ರೂಸ್ ಒಬ್ಬರೇ ಕಂಡುಹಿಡಿದರೆಂದು ಹೇಳುವುದು ಆದ್ದರಿಂದ ಸರಿಯಲ್ಲ. ಜೀಪಿನ ಸೃಷ್ಟಿ ತನ್ನದೆಂದು ವಿಲ್ಲಿಸ್ ನೀಡುತ್ತಿದ್ದ ಜಾಹೀರಾತುಗಳನ್ನು ಅಮೆರಿಕದ ವ್ಯಾಪಾರ ಆಯೋಗವೂ ಮುಂದೆ ಒಪ್ಪಲಿಲ್ಲ.

ವಿಲ್ಲಿಸ್ ಮಾದರಿಯ ಎಂಜಿನ್ ಮೂರರಲ್ಲಿ ಅತ್ಯಂತ ಬಲಶಾಲಿಯಾಗಿತ್ತು, ಆದರೆ ಅಷ್ಟೇ ಭಾರವೂ ಆಗಿತ್ತು. ಸೇನೆ ನಿಗದಿಪಡಿಸಿದ ಮಿತಿ 2,160 ಪೌಂಡ್, ಅಂದರೆ ಸುಮಾರು 980 ಕಿಲೋ. ಹಗುರವಾದ ಬೇರೆ ಎಂಜಿನ್ ಹಾಕುವುದು ಸುಲಭದ ದಾರಿಯಾಗಿತ್ತು. ರೂಸ್ ಅದಕ್ಕೆ ಒಪ್ಪಲಿಲ್ಲ. ವಾಹನವನ್ನು ಬಿಚ್ಚಿಸಿ ಒಂದೊಂದು ಭಾಗದ ತೂಕವನ್ನೂ ಪರಿಶೀಲಿಸಿದರು. ಉದ್ದವಾಗಿದ್ದ ಬೋಲ್ಟುಗಳನ್ನು ಕತ್ತರಿಸಲಾಯಿತು, ಬಣ್ಣದ ಲೇಪವನ್ನೂ ತೆಳುಗೊಳಿಸಲಾಯಿತು. ಕೊನೆಗೆ ವಾಹನ ಮಿತಿಯೊಳಗೆ ಬಂದಿತು, ಎಂಜಿನ್ ಉಳಿಯಿತು. 1941ರ ಜುಲೈನಲ್ಲಿ 16,000 ವಾಹನಗಳ ಗುತ್ತಿಗೆ ವಿಲ್ಲಿಸ್‌ಗೆ ದೊರೆಯಿತು.

ನಿಧಾನಗತಿಯ ಗೇರು

ಗಂಟೆಗೆ 50 ಮೈಲಿಗೂ ಮೀರಿದ ವೇಗದಲ್ಲಿ ಓಡಬಲ್ಲ ವಾಹನವೇ, ನಡೆದು ಸಾಗುವ ಪದಾತಿ ಸೈನಿಕರ ಜೊತೆ ಗಂಟೆಗೆ 3 ಮೈಲಿಯಲ್ಲಿ ಕುಲುಕದೆ ಚಲಿಸಬೇಕು ಎಂಬುದು ಸೇನೆಯ ಮತ್ತೊಂದು ಷರತ್ತು. ಒಂದೇ ಗೇರ್‌ಬಾಕ್ಸಿನಿಂದ ಇವೆರಡನ್ನೂ ಸಾಧಿಸುವುದು ಕಷ್ಟ. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೆಯ ಪೆಟ್ಟಿಗೆಯನ್ನು ಇರಿಸಿದ್ದು ಇದಕ್ಕಾಗಿ. ಅದು ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುತ್ತದೆ. ಅದರಲ್ಲಿ ಹೈ ಮತ್ತು ಲೋ ಎಂಬ ಎರಡು ಸ್ಥಿತಿಗಳಿವೆ. ಲೋ ಹಾಕಿದಾಗ ವೇಗ ಅರ್ಧಕ್ಕಿಳಿಯುತ್ತದೆ, ಚಕ್ರವನ್ನು ತಿರುಗಿಸುವ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಈ ಹೆಚ್ಚಿದ ಬಲವೆಲ್ಲ ಹಿಂದಿನ ಆಕ್ಸಲ್ ಒಂದರ ಮೇಲೆಯೇ ಬಿದ್ದು ಅದು ಮುರಿಯದಿರಲೆಂದು, ಮುಂದಿನ ಚಕ್ರಗಳಿಗೂ ಬಲ ಕೊಟ್ಟ ನಂತರವೇ ಲೋ ಬೀಳುವಂತೆ ವ್ಯವಸ್ಥೆ ಮಾಡಲಾಗಿತ್ತು.

ಯುದ್ಧಕಾಲದ ಜೀಪಿನಲ್ಲಿ ಮೊದಲನೆಯ ಗೇರಿನ ಅನುಪಾತ 2.66, ಟ್ರಾನ್ಸ್‌ಫರ್ ಕೇಸಿನ ಲೋ ಅನುಪಾತ 1.97, ಆಕ್ಸಲ್‌ನದು 4.88. ಮೂರನ್ನೂ ಗುಣಿಸಿದರೆ ಸುಮಾರು 26 ಬರುತ್ತದೆ. ಎಂಜಿನ್ 26 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂದು ಅರ್ಥ. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗುವಾಗ ವಾಹನ ಗಂಟೆಗೆ ಸುಮಾರು 5 ಕಿಲೋಮೀಟರ್ ಸಾಗುತ್ತದೆ. ಅದು ಮನುಷ್ಯನ ನಡಿಗೆಯ ವೇಗವೇ.

1945ರಲ್ಲಿ ಸಾರ್ವಜನಿಕರಿಗಾಗಿ ಸಿಜೆ-2ಎ ಮಾದರಿ ಹೊರಬಂದಾಗ ಪರಿಸ್ಥಿತಿ ಬೇರೆಯಾಗಿತ್ತು. ಕೊಳ್ಳುವವರು ರೈತರು, ನೇಗಿಲು ಎಳೆಯುವುದು, ಮರದ ದಿಮ್ಮಿ ಸಾಗಿಸುವುದು ಅವರ ಅಗತ್ಯ. ಎಂಜಿನ್ ಮಾತ್ರ ಅದೇ 60 ಅಶ್ವಶಕ್ತಿಯದು. ಬಲ ಹೆಚ್ಚಿಸಲು ಉಳಿದಿದ್ದ ದಾರಿ ಗೇರುಗಳೊಂದೇ. ಮೊದಲ ಗೇರನ್ನು 2.80ಕ್ಕೂ, ಲೋ ಅನುಪಾತವನ್ನು 2.43ಕ್ಕೂ, ಆಕ್ಸಲ್ ಅನುಪಾತವನ್ನು 5.38ಕ್ಕೂ ಬದಲಿಸಲಾಯಿತು. ಒಟ್ಟು ಅನುಪಾತ 26ರಿಂದ ಸುಮಾರು 37ಕ್ಕೆ ಏರಿತು. ಸಾವಿರ ಸುತ್ತಿನಲ್ಲಿ ವಾಹನ ಈಗ ಗಂಟೆಗೆ 4 ಕಿಲೋಮೀಟರಿಗೂ ಕಡಿಮೆ ವೇಗದಲ್ಲಿ ತೆವಳಬಲ್ಲದಾಯಿತು. ಇದಕ್ಕೆ ತೆತ್ತ ಬೆಲೆ ಹೆದ್ದಾರಿಯಲ್ಲಿ ಕಾಣುತ್ತಿತ್ತು: ಗರಿಷ್ಠ ವೇಗ ತಗ್ಗಿತು, ಎಂಜಿನ್ನಿನ ಅರಚಾಟ ಹೆಚ್ಚಿತು.

ಭಾರತದಲ್ಲಿ ಜೀಪ್

ರೂಸ್ ಅವರ ಅವಧಿಯಲ್ಲಿಯೇ ಹರಿಕೇನ್ ಎಂಬ ಮುಂದಿನ ಎಂಜಿನ್ ಸಿದ್ಧವಾಯಿತು. ಅದು ಹಳೆಯ ಎಂಜಿನ್ನಿಗಿಂತ ಎತ್ತರವಾಗಿದ್ದುದರಿಂದ 1953ರ ಸಿಜೆ-3ಬಿ ಜೀಪಿನ ಬಾನೆಟ್ಟನ್ನು ಎತ್ತರಿಸಬೇಕಾಯಿತು. ಮಹೀಂದ್ರ ಕಂಪನಿ ಪರವಾನಗಿ ಪಡೆದು ದಶಕಗಳ ಕಾಲ ತಯಾರಿಸಿದ ಜೀಪು ಇದೇ. ಪೊಲೀಸ್, ಅರಣ್ಯ, ಕಂದಾಯ ಇಲಾಖೆಗಳ ಜೀಪೆಂದರೆ ಕರ್ನಾಟಕದ ಹಿರಿಯರ ಕಣ್ಣಮುಂದೆ ಬರುವುದು ಆ ಎತ್ತರದ ಬಾನೆಟ್ಟಿನ ರೂಪವೇ.

ಇಂತಹ ವಾಹನದ ಲೋ ಗೇರಿನ ಉಪಯೋಗ ತಿಳಿಯಲು ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ನೆಲ ಒಳ್ಳೆಯ ಉದಾಹರಣೆ. ಬೂದಿಕೋಟೆಯ ಕಡೆ ಬಂಡೆಗುಡ್ಡಗಳಿವೆ. ಬೇತಮಂಗಲದ ಬಳಿ ಪಾಲಾರ್ ನದಿಯ ಪಾತ್ರ ಮಳೆಯಿಲ್ಲದ ತಿಂಗಳುಗಳಲ್ಲಿ ಒಣಗುತ್ತದೆ. ಗಣಿಗಳ ಸುತ್ತ ಸೈನೈಡ್ ದಿಬ್ಬಗಳೆಂದು ಕರೆಯುವ ನುಣುಪು ಮಣ್ಣಿನ ಗುಡ್ಡೆಗಳಿವೆ. ಬಂಡೆಯ ಮೇಲೆ ವೇಗವಾಗಿ ನುಗ್ಗಿದರೆ ಚಕ್ರ ಪುಟಿದು ಹಿಡಿತ ಕಳೆದುಕೊಳ್ಳುತ್ತದೆ. ಹೈ ಗೇರಿನಲ್ಲಿ ನಿಧಾನವಾಗಿ ಹೋಗಲು ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದರೆ ಅದು ಸುಟ್ಟುಹೋಗುತ್ತದೆ. ಲೋ ಗೇರಿನಲ್ಲಿ ಕ್ಲಚ್ಚಿನಿಂದ ಕಾಲು ತೆಗೆದು, ಎಂಜಿನ್ನಿನ ಬಲದಲ್ಲೇ ಒಂದೊಂದೇ ಕಲ್ಲನ್ನು ಏರಿ ಇಳಿಯಬಹುದು. ಕಡಿದಾದ ಇಳಿಜಾರಿನಲ್ಲಿ ಎಂಜಿನ್ನೇ ವಾಹನವನ್ನು ತಡೆದು ಹಿಡಿಯುವುದರಿಂದ ಬ್ರೇಕಿನಿಂದ ಚಕ್ರ ಜಾರುವ ಭಯವೂ ಕಡಿಮೆ. ಆದರೆ ಒಣ ಟಾರು ರಸ್ತೆಯಲ್ಲಿ ನಾಲ್ಕು ಚಕ್ರಗಳ ಚಾಲನೆ ಸಲ್ಲದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸಬೇಕಾಗಿರುವುದರಿಂದ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಕಂಪನಿ ಕೆ.ಜಿ.ಎಫ್.ನಲ್ಲಿ ತಯಾರಿಸುವ ಬುಲ್ಡೋಜರುಗಳಲ್ಲಿಯೂ ಎಂಜಿನ್ನಿನ ವೇಗವನ್ನು ಹಂತಹಂತವಾಗಿ ತಗ್ಗಿಸಿ ಬಲವಾಗಿ ಮಾರ್ಪಡಿಸುವ ತತ್ತ್ವವೇ ಇದೆ.

1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿಯೂ ಎರಡು ಸ್ಥಿತಿಗಳ ಟ್ರಾನ್ಸ್‌ಫರ್ ಕೇಸ್ ಇತ್ತು. ಇಂತಹ ಸಣ್ಣ ವಾಹನಗಳಿಗೆ ದೊಡ್ಡ ಟೈರು ಹಾಕಿದಾಗ ಚಕ್ರದ ಒಂದು ಸುತ್ತಿಗೆ ಕ್ರಮಿಸುವ ದೂರ ಹೆಚ್ಚಿ, ಲೋ ಗೇರಿನ ಪ್ರಯೋಜನ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಅದನ್ನು ಸರಿದೂಗಿಸಲು ಇನ್ನೂ ನಿಧಾನದ ಗೇರುಗಳನ್ನು ಆರಿಸುವಾಗ, ಆಕ್ಸಲ್ ಅನುಪಾತ ಬದಲಿಸಿದರೆ ರಸ್ತೆಯ ವೇಗವೂ ತಗ್ಗುತ್ತದೆ. ಟ್ರಾನ್ಸ್‌ಫರ್ ಕೇಸಿನ ಲೋ ಗೇರನ್ನು ಮಾತ್ರ ಬದಲಿಸಿದರೆ ಹೈ ಸ್ಥಿತಿಯ ಓಟ ಹಾಗೆಯೇ ಉಳಿಯುತ್ತದೆ.

ಕೊನೆಯ ವರ್ಷಗಳು

ಯುದ್ಧಾನಂತರ ವಿಲ್ಲಿಸ್‌ನ ಸ್ಟೇಷನ್ ವ್ಯಾಗನ್ ವಾಹನಕ್ಕೆ ರೂಸ್ ಅವರು ಮುಂದಿನ ಚಕ್ರಗಳ ಹೊಸ ಬಗೆಯ ಸ್ಪ್ರಿಂಗ್ ವ್ಯವಸ್ಥೆಯನ್ನು ರೂಪಿಸಿದರು. 1953ರಲ್ಲಿ ವಿಲ್ಲಿಸ್ ಕಂಪನಿ ಕೈಸರ್ ಸಮೂಹದ ಪಾಲಾಯಿತು. ರೂಸ್ 1960ರಲ್ಲಿ ನಿಧನರಾದರು. ಅವರು ತಿದ್ದಿ ಬೆಳೆಸಿದ ಎಂಜಿನ್ನಿನಿಂದ ಹುಟ್ಟಿದ ಹರಿಕೇನ್, ಅವರ ಮರಣಾನಂತರವೂ ಹಲವು ವರ್ಷಗಳವರೆಗೆ ಜೀಪುಗಳಲ್ಲಿ ಬಳಕೆಯಲ್ಲಿತ್ತು.