ವಾದ್ಯಕ್ಕಾಗಿ ಕಾದವನು

ಕಳೆದ ವರ್ಷ ಹಾಸ್ಟೆಲಿನಲ್ಲಿ ಗೆಳೆಯನೊಬ್ಬನು ಒಂದು ಧ್ವನಿಮುದ್ರಣವನ್ನು ಕೇಳಿಸಿದನು. ಗಂಟೆಯ ನಾದ, ಸೈರನ್ನಿನ ಕೂಗು, ಯಾವುದೋ ಯಂತ್ರದ ನರಳಾಟ! ಇದೂ ಸಂಗೀತವೇ ಎಂದು ನಕ್ಕೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ ಅದರ ಕರ್ತೃವನ್ನು ಹುಡುಕಹೊರಟೆ. ಆತನೇ ಎಡ್ಗಾರ್ ವರೇಸ್.

1883ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಈತನು ಇಂಜಿನಿಯರನಾಗಬೇಕೆಂಬುದು ತಂದೆಯ ಹಟ. ಮಗನು ಸಂಗೀತವನ್ನೇ ಹಿಡಿದು 1915ರಲ್ಲಿ ನ್ಯೂಯಾರ್ಕಿಗೆ ಹೋದನು. ಪಿಟೀಲು, ಪಿಯಾನೋಗಳಲ್ಲಿ ಹುಟ್ಟದ ನಾದಗಳು ಅವನ ಕಿವಿಯಲ್ಲಿದ್ದುವು. 1931ರಲ್ಲಿ ಮುಗಿಸಿದ ‘ಅಯೊನಿಸೇಷನ್’ ಕೃತಿಯಲ್ಲಿ 13 ಮಂದಿ ವಾದಕರ ನಡುವೆ ಸೈರನ್ನುಗಳನ್ನೇ ತಂದು ಕೂರಿಸಿದನು. ಅಷ್ಟಕ್ಕೆ ತೃಪ್ತಿಯಿಲ್ಲ, ವಿದ್ಯುತ್ತಿನಿಂದ ನಾದವನ್ನು ಸೃಷ್ಟಿಸಲು ಪ್ರಯೋಗಶಾಲೆ ಬೇಕೆಂದು ಬೆಲ್ ಕಂಪನಿಯ, ಗುಗ್ಗೆನ್‌ಹೈಮ್ ಸಂಸ್ಥೆಯ ಬಾಗಿಲುಗಳನ್ನು ತಟ್ಟಿದನು. ಹಣ ದೊರೆಯಲಿಲ್ಲ. 1936ರ ಅನಂತರ ಸುಮಾರು 15 ವರ್ಷ ಅವನ ಲೇಖನಿ ಬಹುಮಟ್ಟಿಗೆ ಮೌನ. ನನ್ನನ್ನು ಬಹಳ ಕಾಡಿದುದು ಈ ವರ್ಷಗಳೇ.

1953ರಲ್ಲಿ ಟೇಪ್ ರೆಕಾರ್ಡರೊಂದು ಕಾಣಿಕೆಯಾಗಿ ಬಂದಿತು. ಆಗ ಅವನ ವಯಸ್ಸು 69! ಕಾರ್ಖಾನೆಗಳ ಸದ್ದನ್ನು ಹಿಡಿದು ತಂದು, ವಾದ್ಯಗಳ ನಡುನಡುವೆ ಪೋಣಿಸಿ ‘ದೆಸೆರ್’ ಕೃತಿಯನ್ನು ಮುಗಿಸಿದನು. 1954ರ ಡಿಸೆಂಬರಿನಲ್ಲಿ ಪ್ಯಾರಿಸಿನ ಸಭಿಕರು ಕೂಗಿ ಗದ್ದಲವೆಬ್ಬಿಸಿದರು. ರೇಡಿಯೋ ಅದನ್ನೂ ಬಿತ್ತರಿಸಿತು. ಓದುವಾಗ ನಾನು ನಕ್ಕದ್ದು ನೆನಪಾಗಿ ನಾಚಿಕೆಯಾಯಿತು.

1958ರ ಬ್ರಸೆಲ್ಸ್ ವಸ್ತುಪ್ರದರ್ಶನದ ಫಿಲಿಪ್ಸ್ ಮಂಟಪದೊಳಗೆ 300ಕ್ಕೂ ಮಿಕ್ಕ ಧ್ವನಿವರ್ಧಕಗಳಿಂದ ಅವನ ‘ಪೊಯೆಮ್ ಎಲೆಕ್ಟ್ರೋನಿಕ್’ ಮೊಳಗಿತು. ಎಂಟೇ ನಿಮಿಷ. ನಾನು ಕೇಳಿದುದು ಇದನ್ನೇ. ಗೋಡೆಗಳ ಮೇಲೆ ನಾದವು ಓಡಾಡಿದ ಆ ಮಂಟಪವನ್ನು ಮರುವರ್ಷವೇ ಕೆಡವಿದರು. ವರೇಸ್ 1965ರಲ್ಲಿ ತೀರಿಕೊಂಡನು. ಮುದ್ರಣವನ್ನು ಗೆಳೆಯನಿಂದ ಬೇಡಿ ತಂದು ಈಗಲೂ ಕೇಳುತ್ತಿರುತ್ತೇನೆ, ಪಕ್ಕದ ಕೋಣೆಯವರು ಬಾಗಿಲು ಬಡಿಯುವವರೆಗೆ.