ಸ್ವರ್ಣಶಿಲ್ಪಿ ಚೆಲ್ಲೀನಿಯ ವಿದ್ಯಾರ್ಜನೆ

ಹೊನ್ನಿನ ಬೆಲೆ ಅದರ ತೂಕದಲ್ಲಿದೆ. ಆಭರಣದ ಬೆಲೆ ಅದನ್ನು ರಚಿಸಿದ ಕೈಯಲ್ಲಿದೆ. ಆದರೆ ವಿಪತ್ಕಾಲ ಒದಗಿದಾಗ ಲೋಕವು ಕೈಯ ಹಿರಿಮೆಯನ್ನು ಮರೆತು ತೂಕವೊಂದನ್ನೇ ಎಣಿಸುತ್ತದೆ. ಆಗ ಎಂತಹ ಅಪೂರ್ವ ಕೃತಿಯೂ ಮೂಸೆಯ ಪಾಲಾಗುತ್ತದೆ. ಹೀಗೆ ಅಳಿವಿಗೆ ಸದಾ ಹತ್ತಿರವಿರುವ ಕಲೆಯೊಂದನ್ನು ಒಲಿದು ಕಲಿತು, ಅದರ ಮರ್ಮವನ್ನು ಮುಂದಿನವರಿಗಾಗಿ ಬರೆದಿಟ್ಟು ಹೋದವನು ಇಟಲಿಯ ಬೆನ್ವೆನೂತೋ ಚೆಲ್ಲೀನಿ.

ಚೆಲ್ಲೀನಿಯು ಜನಿಸಿದುದು 1500ನೆಯ ಇಸವಿಯ ನವೆಂಬರ್ 3ರಂದು, ಫ್ಲಾರೆನ್ಸ್ ನಗರದಲ್ಲಿ. ತಂದೆ ಜೊವಾನ್ನಿಯು ಸಂಗೀತಗಾರನೂ ವಾದ್ಯಗಳ ನಿರ್ಮಾಪಕನೂ ಆಗಿದ್ದನು. ಹೆಣ್ಣುಮಗುವನ್ನು ನಿರೀಕ್ಷಿಸಿದ್ದ ಆತನು ಗಂಡುಮಗುವನ್ನು ಕಂಡು ಹಿಗ್ಗಿ, ಸುಸ್ವಾಗತ ಎಂಬರ್ಥದ ಬೆನ್ವೆನೂತೋ ಎಂಬ ಹೆಸರನ್ನಿಟ್ಟನು. ಮಗನು ಶ್ರೇಷ್ಠ ಕೊಳಲುವಾದಕನಾಗಬೇಕೆಂಬುದು ತಂದೆಯ ಹಂಬಲ. ಮಗನ ಮನಸ್ಸು ಒಲಿದುದು ಚಿತ್ರರಚನೆಗೆ, ಚಿನ್ನಬೆಳ್ಳಿಯ ಕೆಲಸಕ್ಕೆ. ಹದಿನೈದನೆಯ ವಯಸ್ಸಿನಲ್ಲಿ ತಂದೆಯ ಇಚ್ಛೆಗೆ ವಿರುದ್ಧವಾಗಿ ಬಾಲಕನು ಮಾರ್ಕೋನೆ ಎಂದು ಹೆಸರಾಗಿದ್ದ ಅಕ್ಕಸಾಲಿಗನ ಬಳಿ ಶಿಷ್ಯವೃತ್ತಿಗೆ ಸೇರಿದನು. ತಂದೆಯು ಮುನಿದರೂ ಮಗನನ್ನು ಕೈಬಿಡಲಿಲ್ಲ. ಉಳಿದ ಶಿಷ್ಯರಂತೆ ಇವನು ಸಂಬಳಕ್ಕಾಗಿ ದುಡಿಯುವುದು ಬೇಡ, ಚಿತ್ರ ಬರೆಯಲು ಬಿಡುವು ದೊರೆಯಲೆಂದು ಪೋಷಣೆಯ ಭಾರವನ್ನು ತಾನೇ ಹೊತ್ತನು. ಮಗನೂ ತಂದೆಯ ಸಂತೋಷಕ್ಕಾಗಿ ಕೊಳಲನ್ನು ತೊರೆಯಲಿಲ್ಲ; ಮುಂದೆ ಪೋಪರ ವಾದ್ಯವೃಂದದಲ್ಲಿಯೂ ನುಡಿಸಿದನು.

ಚಿತ್ರಾಭ್ಯಾಸವೇ ಅಕ್ಕಸಾಲೆ ವಿದ್ಯೆಗೆ ಬುನಾದಿಯೆಂಬುದನ್ನು ಆತನು ಬೇಗನೆ ಅರಿತುಕೊಂಡನು. ಮೈಕೆಲೇಂಜೆಲೋ ರಚಿಸಿದ ಯುದ್ಧಚಿತ್ರದ ಬೃಹತ್ ಕರಡನ್ನು ಅಭ್ಯಾಸ ಮಾಡಿದನು. ಗೆಳೆಯನೊಬ್ಬನ ಮನೆಯಲ್ಲಿದ್ದ, ರೋಮಿನ ಪ್ರಾಚೀನ ಶಿಲ್ಪಗಳನ್ನು ನೋಡಿ ಬರೆದ ಚಿತ್ರಗಳ ಹೊತ್ತಗೆಗಳು ಆತನ ಕಣ್ತೆರೆಸಿದವು. ಹದಿನಾರರ ಹರೆಯದಲ್ಲಿ ತಮ್ಮನ ಜಗಳವೊಂದಕ್ಕೆ ಸಿಲುಕಿ ಆರು ತಿಂಗಳು ಊರಿನಿಂದ ಹೊರಗಿರಬೇಕಾಗಿ ಬಂದಾಗ ಸಿಯೆನಾ ನಗರದ ಅಕ್ಕಸಾಲೆಯೊಂದರಲ್ಲಿ ದುಡಿದನು. ಅನಂತರ ಪೀಸಾದಲ್ಲಿ ಒಂದು ವರ್ಷ ನಿಂತು, ಅಲ್ಲಿಯ ಹಳೆಯ ಶಿಲಾಶವಪೆಟ್ಟಿಗೆಗಳ ಮೇಲಿನ ಉಬ್ಬುಗೆತ್ತನೆಯನ್ನು ಬಿಡುವಾದಾಗಲೆಲ್ಲ ನೋಡಿ ಕಲಿತನು. ದೇಶಭ್ರಷ್ಟತೆಯೂ ಆತನಿಗೆ ಪಾಠಶಾಲೆಯಾಯಿತು.

ಹತ್ತೊಂಬತ್ತರಲ್ಲಿ ಆತನು ರೋಮ್ ನಗರವನ್ನು ಸೇರಿದನು. ಪ್ರಾಚೀನ ದೇವಾಲಯದೆದುರಿನ ಕೆಂಗಲ್ಲಿನ ಶವಪೆಟ್ಟಿಗೆಯೊಂದರ ಆಕಾರವನ್ನನುಸರಿಸಿ ಬೆಳ್ಳಿಯ ಪುಟ್ಟ ಕರಂಡವನ್ನು ರಚಿಸಿ ಮೆಚ್ಚುಗೆ ಪಡೆದನು. ದ್ರಾಕ್ಷಿತೋಟಗಳನ್ನು ಅಗೆಯುವ ರೈತರಿಗೆ ದೊರೆಯುತ್ತಿದ್ದ ಹಳೆಯ ರತ್ನಗಳನ್ನೂ ನಾಣ್ಯಗಳನ್ನೂ ಕೊಂಡು, ಅವುಗಳ ಮೇಲಿನ ಸೂಕ್ಷ್ಮ ಕೆಲಸವನ್ನು ಪರಿಶೀಲಿಸುತ್ತಿದ್ದನು. ಹೆಸರಾಂತ ಕುಶಲಿಗಳು ಒಬ್ಬೊಬ್ಬರು ಒಂದೊಂದು ಶಾಖೆಯಲ್ಲಿ ನಿಷ್ಣಾತರು: ಲೌತಿತ್ಸಿಯೋ ಮುದ್ರೆಗಳ ಕೊರೆತದಲ್ಲಿ, ಅಮೆರಿಗೋ ಬಣ್ಣದ ಗಾಜನ್ನು ಪುಡಿಮಾಡಿ ಲೋಹಕ್ಕೆ ಹಚ್ಚಿ ಬೆಂಕಿಯಲ್ಲಿ ಕರಗಿಸುವ ಮೀನಾಕೆಲಸದಲ್ಲಿ, ಕಾರದೊಸ್ಸೋ ಪದಕಗಳ ಉಬ್ಬುಗೆಲಸದಲ್ಲಿ. ಪರಸ್ಪರ ದೂರವಾದ ಈ ವಿದ್ಯೆಗಳನ್ನೆಲ್ಲ ಒಬ್ಬನೇ ಸಾಧಿಸಬೇಕೆಂದು ಚೆಲ್ಲೀನಿಯು ಪಣತೊಟ್ಟನು. ತುರ್ಕಿಯ ಕಠಾರಿಗಳು ಕಣ್ಣಿಗೆ ಬಿದ್ದಾಗ, ಉಕ್ಕಿನಲ್ಲಿ ಎಲೆಬಳ್ಳಿಗಳನ್ನು ಕೊರೆದು ಚಿನ್ನ ತುಂಬುವ ಕ್ರಮವನ್ನೂ ಸಾಧಿಸಿದನು. ಬೀದರಿನ ಕುಶಲಿಗಳು ಲೋಹದಲ್ಲಿ ಗೀರು ತೆಗೆದು ಬೆಳ್ಳಿ ಕೂಡಿಸುವುದನ್ನು ಕಂಡವರಿಗೆ ಈ ಕೆಲಸದ ಕಷ್ಟ ತಿಳಿದೀತು.

ಕಲಿತುದನ್ನು ಹಾಗೆಯೇ ಒಪ್ಪಿಸುವುದು ಆತನ ಸ್ವಭಾವವಾಗಿರಲಿಲ್ಲ. ಕಾರದೊಸ್ಸೋ ಮೊದಲು ಮೇಣದ ಮಾದರಿ ಮಾಡಿ, ಅದನ್ನು ಕಂಚಿನಲ್ಲಿ ಎರಕ ಹೊಯ್ದು, ಆ ಕಂಚಿನ ಮೇಲೆ ಚಿನ್ನದ ತಗಡನ್ನಿರಿಸಿ ಬಡಿದು ಉಬ್ಬು ತರುತ್ತಿದ್ದನು. ಚೆಲ್ಲೀನಿಯು ಕಂಚಿನ ಅಚ್ಚನ್ನು ಬಿಟ್ಟು, ಉಳಿಗಳಿಂದ ತಗಡನ್ನೇ ಮೆಲ್ಲಮೆಲ್ಲನೆ ಎಬ್ಬಿಸಿ ರೂಪ ಕೊಡುವುದನ್ನು ಸಾಧಿಸಿದನು. ಪೋಪ್ ಏಳನೆಯ ಕ್ಲೆಮೆಂಟರ ನಿಲುವಂಗಿಗೆ 1530ರ ಸುಮಾರಿನಲ್ಲಿ ಆತನು ಹೀಗೆ ರಚಿಸಿದ ರತ್ನಖಚಿತ ಚಿನ್ನದ ಗುಂಡಿಯು ಲೋಕಪ್ರಸಿದ್ಧವಾಯಿತು.

ಅದಕ್ಕೆ ಮೊದಲೇ, 1527ರಲ್ಲಿ, ಶತ್ರುಸೈನ್ಯವು ರೋಮನ್ನು ಸೂರೆಗೊಂಡಿತ್ತು. ಕೋಟೆಯಲ್ಲಿ ಸಿಲುಕಿದ ಪೋಪರು ತಮ್ಮ ಕಿರೀಟಗಳ ರತ್ನಗಳನ್ನು ಬಿಡಿಸಿ ಹೊನ್ನನ್ನು ಕರಗಿಸುವಂತೆ ಚೆಲ್ಲೀನಿಗೇ ಆಜ್ಞಾಪಿಸಿದರು. ಹಿಂದಿನ ಕುಶಲಿಗಳ ಶ್ರಮವು ಆತನ ಕೈಯಿಂದಲೇ ಕುಲುಮೆಯಲ್ಲಿ ನೀರಾಯಿತು. ಆ ರತ್ನಗಳನ್ನು ಅಪಹರಿಸಿದನೆಂಬ ಆರೋಪ ಹೊತ್ತು 1538ರಲ್ಲಿ ಅದೇ ಕೋಟೆಯಲ್ಲಿ ಸೆರೆವಾಸವನ್ನೂ ಅನುಭವಿಸಿದನು.

ಆತನ ನಡತೆ ವಿದ್ಯೆಗೆ ತಕ್ಕುದಾಗಿರಲಿಲ್ಲ ಎಂಬುದನ್ನು ಮರೆಮಾಚಲಾಗದು. ಕೋಪವೇ ಆತನ ಪರಮಶತ್ರು. 1534ರಲ್ಲಿ ಪ್ರತಿಸ್ಪರ್ಧಿಯಾದ ಅಕ್ಕಸಾಲಿಗನೊಬ್ಬನನ್ನು ಕೊಂದನು. ಕುಸುರಿಗೆಲಸದಲ್ಲಿ ಅಷ್ಟು ತಾಳ್ಮೆ ತೋರಿದ ಕೈ ಕಠಾರಿ ಹಿಡಿದಾಗ ತಾಳ್ಮೆಯನ್ನೇ ಅರಿಯದಾಯಿತು. ವಿದ್ಯೆಗೆ ವಿನಯವು ಜೊತೆಯಾಗದಿದ್ದರೆ ಎಂತಹ ಅನರ್ಥವುಂಟಾಗುವುದೆಂಬುದಕ್ಕೆ ಆತನ ಬಾಳೇ ಸಾಕ್ಷಿ.

ಫ್ರಾನ್ಸಿನ ದೊರೆ ಒಂದನೆಯ ಫ್ರಾನ್ಸಿಸನ ಆಶ್ರಯದಲ್ಲಿ ಆತನು 1543ರಲ್ಲಿ ಮುಗಿಸಿದ ಚಿನ್ನದ ಉಪ್ಪಿನ ಪಾತ್ರೆಯಲ್ಲಿ ಸಮುದ್ರರಾಜನೂ ಭೂದೇವಿಯೂ ಎದುರುಬದುರಾಗಿ ಕುಳಿತಿದ್ದಾರೆ. ಉಪ್ಪಿಗೆ ನಾವೆ, ಮೆಣಸಿಗೆ ದೇಗುಲ. ಉಬ್ಬುಗೆಲಸ, ಮೀನಾಕೆಲಸ ಎರಡೂ ಅದರಲ್ಲಿ ಸಂಗಮಿಸಿವೆ. ಫ್ಲಾರೆನ್ಸಿಗೆ ಮರಳಿ ಎರಕ ಹೊಯ್ದ ಪೆರ್ಸಿಯಸ್ ಎಂಬ ವೀರನ ಮಹಾಕಂಚುಪ್ರತಿಮೆಯು 1554ರಲ್ಲಿ ಅನಾವರಣಗೊಂಡಿತು. ಆ ಎರಕದ ಹೊತ್ತಿಗೆ ಲೋಹವು ಹೆಪ್ಪುಗಟ್ಟತೊಡಗಲು, ಜ್ವರದಿಂದ ಮಲಗಿದ್ದವನು ಎದ್ದು ಬಂದು ಮನೆಯ ತವರದ ತಟ್ಟೆಗಳನ್ನೆಲ್ಲ ಕುಲುಮೆಗೆ ಸುರಿದು ಕಾರ್ಯವನ್ನು ಸಾಧಿಸಿದನೆಂದು ಆತನ ಆತ್ಮಕಥೆಯು ತಿಳಿಸುತ್ತದೆ.

ವೃದ್ಧಾಪ್ಯದಲ್ಲಿ ಚೆಲ್ಲೀನಿಯು ತಾನು ಬೇರೆಬೇರೆ ಕಡೆ ಕಲಿತ ವಿದ್ಯೆಯನ್ನೆಲ್ಲ ಗ್ರಂಥರೂಪಕ್ಕಿಳಿಸಿದನು. ರತ್ನಗಳನ್ನು ಕೂರಿಸುವುದು, ಬೆಸುಗೆ, ಮುದ್ರೆಯ ಕೊರೆತ, ನಾಣ್ಯದ ಅಚ್ಚು, ಎರಕ ಮೊದಲಾದ ವಿಷಯಗಳನ್ನೊಳಗೊಂಡ ಈ ಶಾಸ್ತ್ರಗ್ರಂಥವು 1568ರಲ್ಲಿ ಪ್ರಕಟವಾಯಿತು. ತನ್ನ ಪ್ರತಿಸ್ಪರ್ಧಿಯಾಗಿದ್ದ ಕಾರದೊಸ್ಸೋವಿನ ವಿಧಾನವನ್ನೂ ಅದರಲ್ಲಿ ವಿವರಿಸಿದನು. 1571ರ ಫೆಬ್ರವರಿ 13ರಂದು ಫ್ಲಾರೆನ್ಸಿನಲ್ಲಿ ಕಾಲವಶನಾದನು.

ಪೋಪರ ಆ ಪ್ರಸಿದ್ಧ ಗುಂಡಿಯೂ ಕೊನೆಗೆ ಕರಗಿಹೋಯಿತು. 1797ರಲ್ಲಿ ನೆಪೋಲಿಯನ್ನನಿಗೆ ಸಲ್ಲಿಸಬೇಕಾದ ದಂಡದ ಹಣಕ್ಕಾಗಿ ಅದನ್ನು ಕುಲುಮೆಗಿಡಲಾಯಿತು. ಅದರ ಚಿತ್ರಗಳು ಮಾತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಉಳಿದಿವೆ. ವಿಯೆನ್ನಾದಲ್ಲಿರುವ ಉಪ್ಪಿನ ಪಾತ್ರೆಯೂ 2003ರಲ್ಲಿ ಕಳುವಾಗಿ 2006ರಲ್ಲಿ ದೈವವಶಾತ್ ಮರಳಿ ದೊರೆಯಿತು. ಗ್ರಂಥಕ್ಕಾದರೋ ಅಳಿವು ಬರಲಿಲ್ಲ. 1898ರಲ್ಲಿ ಇಂಗ್ಲೆಂಡಿನ ಆಷ್‌ಬೀ ಎಂಬ ಕಲಾವಿದನು ತನ್ನ ಸಂಘದ ಲೋಹಕುಶಲಿಗಳಿಗೆಂದೇ ಅದನ್ನು ಅನುವಾದಿಸಿದನು. ಬೇರೊಂದು ದೇಶದಲ್ಲಿ, ಬೇರೊಂದು ಶತಮಾನದಲ್ಲಿ, ಕಂಡರಿಯದ ಶಿಷ್ಯರಿಗೆ ಚೆಲ್ಲೀನಿಯು ಗುರುವಾದನು. ಹೊನ್ನನ್ನು ಬೆಂಕಿ ಕರಗಿಸಬಲ್ಲುದು, ಕಳ್ಳನು ಒಯ್ಯಬಲ್ಲನು. ಕಲಿತು ಕಲಿಸಿದ ವಿದ್ಯೆಗೆ ಈ ಎರಡು ಭಯಗಳೂ ಇಲ್ಲ.