ಬೆಳ್ಳಿಯ ಪೆಟ್ಟಿಗೆಯ ಅರಸ

ಪ್ರಾಚೀನ ಈಜಿಪ್ತಿನ ನಿಧಿಯೆಂದೊಡನೆ ನಾವು ನೆನೆಯುವುದು ಟುಟಂಖಾಮನ್‌ನನ್ನು. ಅವನಿಗೆ ಸುಮಾರು ಮೂರು ಶತಮಾನಗಳ ತರುವಾಯ ತಾನಿಸ್ ನಗರದಿಂದ ಆಳಿದ ಒಂದನೆಯ ಪ್ಸುಸೆನ್ನೆಸನನ್ನು ಬಲ್ಲವರು ವಿರಳ.

ಈತ ಇಪ್ಪತ್ತೊಂದನೆಯ ರಾಜವಂಶದವನು. ಕ್ರಿ.ಪೂ. 11ನೆಯ ಶತಮಾನದಲ್ಲಿ 40 ವರ್ಷಗಳಿಗೂ ಹೆಚ್ಚು ಕಾಲ ಪಟ್ಟದಲ್ಲಿದ್ದನು. ಸಾಮ್ರಾಜ್ಯದ ವೈಭವ ಆಗಲೇ ಅಸ್ತಮಿಸಿತ್ತು. ದಕ್ಷಿಣದ ಥೀಬ್ಸಿನಲ್ಲಿ ಅಮೋನ್ ದೇವರ ಮಹಾ ಅರ್ಚಕರದೇ ಆಡಳಿತ. ಬಹುಕಾಲ ಆ ಪೀಠದಲ್ಲಿದ್ದವನು ಈತನ ಸೋದರನೇ. ತಾನಿಸಿನಲ್ಲಿ ಅಮೋನನ ಗುಡಿಗೆ ಭಾರಿ ಪ್ರಾಕಾರ ಕಟ್ಟಿಸಿದ ಅರಸ, ಅದರೊಳಗೇ ತನ್ನ ಸಮಾಧಿಯನ್ನೂ ಮಾಡಿಸಿಕೊಂಡನು.

1940ರ ಫೆಬ್ರವರಿಯಲ್ಲಿ ಫ್ರಾನ್ಸಿನ ಪಿಯೆರ್ ಮೋಂತೆ ಅದನ್ನು ತೆರೆದಾಗ ಕಳ್ಳರ ಕೈ ಅಲ್ಲಿಗೆ ಸೋಂಕಿರಲಿಲ್ಲ. ಹೊರಗಿನ ಕೆಂಗಲ್ಲಿನ ಪೆಟ್ಟಿಗೆ ಮೊದಲು ಮೆರ್ನೆಪ್ತಾ ದೊರೆಗಾಗಿ ಕಡೆದದ್ದು. ಒಳಗಿನ ಕರಿಗಲ್ಲಿನದು ಹಿಂದಿನ ಯಾರೋ ಶ್ರೀಮಂತನದು. ಅದರೊಳಗೆ ಬೆಳ್ಳಿಯ ಪೆಟ್ಟಿಗೆ, ಅರಸನ ಮುಖದ ಮೇಲೆ ಚಿನ್ನದ ಮುಖವಾಡ. ಈಜಿಪ್ತಿನಲ್ಲಿ ಚಿನ್ನವುಂಟು, ಬೆಳ್ಳಿ ಹೊರನಾಡುಗಳಿಂದ ಬರಬೇಕಿತ್ತು. ನೈಲ್ ಮುಖಜಭೂಮಿಯ ತೇವಕ್ಕೆ ಮರವೂ ದೇಹವೂ ಕರಗಿದ್ದವು. ಉಳಿದ ಎಲುಬುಗಳು ವೃದ್ಧನೊಬ್ಬನ ಕೀಲುನೋವನ್ನೂ ಹಲ್ಲುಬೇನೆಯನ್ನೂ ಹೇಳಿದುವು.

ಮೂರೇ ತಿಂಗಳಲ್ಲಿ ಜರ್ಮನಿಯ ಸೇನೆ ಫ್ರಾನ್ಸಿಗೆ ನುಗ್ಗಿತು. ಯುದ್ಧದ ಗದ್ದಲದಲ್ಲಿ ಈ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ. ಅನ್ಯರ ಕಲ್ಲಿನಲ್ಲಿ ತನ್ನ ಹೆಸರು ಕೊರೆಯಿಸಿದವನಿಗೆ ಹೆಸರೇ ದಕ್ಕದೆ ಹೋಯಿತು. ಆದರೂ ಆ ಎರವಲು ಕಲ್ಲುಗಳನ್ನು ನಾನು ಹಗುರಾಗಿ ಕಾಣಲಾರೆ. ಕುಗ್ಗಿದ ನಾಡಿನಲ್ಲೂ ಅರಸುತನದ ಘನತೆಯನ್ನು ಕೊನೆಯವರೆಗೆ ಹೊತ್ತು ನಡೆದವನ ಛಲ ಅವುಗಳಲ್ಲಿ ನನಗೆ ಕಾಣುತ್ತದೆ.